ಹಿಂದಿನ ಸೀಟಿಲ್ಲದ ಕಾರು

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆಲ್ಲುತ್ತಿದ್ದುದು ಒಂದೇ ಉಪಾಯದಿಂದ. ಎದುರಾಳಿಯ ಮಾತಿನಲ್ಲಿ ಅವನೇ ಯಾವತ್ತೂ ಪ್ರಶ್ನಿಸಿಕೊಳ್ಳದ ಒಂದು ಪದ ಇದ್ದೇ ಇರುತ್ತದೆ. ಅದನ್ನು ಹಿಡಿದು ಎಳೆದರೆ ಸಾಕು, ಹೊಲಿಗೆ ಬಿಚ್ಚಿದ ಚೀಲದ ಹಾಗೆ ಇಡೀ ವಾದ ಸುರಿದುಹೋಗುತ್ತದೆ. "ಯಂತ್ರದಿಂದ ಮನುಷ್ಯ ಸುಖಿಯಾದನೇ?" ಎಂಬ ವಿಷಯಕ್ಕೆ ಒಂದು ಊರಿನಲ್ಲಿ ಪರ ಮಾತಾಡಿ ಬಹುಮಾನ ತಂದೆ, ಇನ್ನೊಂದು ಊರಿನಲ್ಲಿ ವಿರೋಧ ಮಾತಾಡಿ ತಂದೆ. ಎರಡೂ ಪ್ರಶಸ್ತಿಪತ್ರಗಳನ್ನು ಅವ್ವ ಒಂದೇ ಗೋಡೆಗೆ ಅಕ್ಕಪಕ್ಕ ತೂಗುಹಾಕಿದ್ದಳು. ಅವು ಒಂದನ್ನೊಂದು ಸುಳ್ಳು ಮಾಡುತ್ತವೆ ಎಂದು ಹೇಳಿದರೆ, "ಗೋಡೆಗೆ ಏನೂ ತೊಂದ್ರೆ ಇಲ್ವಲ್ಲ" ಅಂದಳು.

ಬಿ.ಎ. ಪರೀಕ್ಷೆ ಬರೆದು ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಬಂದ ಬೇಸಿಗೆಯಲ್ಲಿ ಅದೇ ವಿಷಯ ನಮ್ಮ ಮನೆ ಬಾಗಿಲಿಗೆ ಬಂತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸ್ ಸ್ಟ್ಯಾಂಡಿನಲ್ಲಿ ಜನ ಆಣೆಯನ್ನು ನಯಾ ಪೈಸೆಗೆ ತಿರುಗಿಸಲು ಇನ್ನೂ ಬೆರಳು ಮಡಿಸುತ್ತಿದ್ದರು. ಅವರಿಗೆ ಟಿಕೀಟು ಕೊಡುವ ಏಜೆಂಟನಾಗಿ ಕೂತಿದ್ದವನು ನನ್ನ ಅಪ್ಪ.

ಅಪ್ಪ ಏಜೆಂಟನಾಗಿ ಹುಟ್ಟಿದವನಲ್ಲ. ಶಿಕಾರಿಪುರ-ಸೊರಬ ಲೈನಿನಲ್ಲಿ ವರ್ಷಾನುಗಟ್ಟಲೆ ಬಸ್ಸು ಓಡಿಸಿದವನು. ಒಂದು ಸಂಜೆ ಶಿರಾಳಕೊಪ್ಪದಲ್ಲಿ ಬಸ್ಸು ನಿಲ್ಲಿಸಿ ಕೆಳಗಿಳಿದು, "ಇನ್ನು ನನ್ನ ಕೈಲಿ ಆಗಲ್ಲ, ಬೇರೆ ಡ್ರೈವರನ್ನ ಕರೆಸ್ರಿ" ಎಂದು ಕಂಡಕ್ಟರಿಗೆ ಹೇಳಿ ಕಲ್ಲಿನ ಮೇಲೆ ಕೂತುಬಿಟ್ಟನಂತೆ. ಸಂಜೆಯಾದರೆ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ. ಯಾರಿಗೂ ಪೆಟ್ಟಾಗುವ ಮೊದಲೇ ತಾನಾಗಿ ಇಳಿದ. ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿ ಹೇಳಿದರು: "ಇದಕ್ಕೆ ಔಷಧಿ ಇಲ್ಲ. ಮೊದಲು ರಾತ್ರಿಯ ನೋಟ ಹೋಗುತ್ತದೆ. ಆಮೇಲೆ ಬದಿಯ ನೋಟ ಹೋಗುತ್ತದೆ. ನಡುವಿನದು ಕೊನೆಗೆ."

ಎಷ್ಟು ವರ್ಷಕ್ಕೆ ಎಂದು ನಾನು ಕೇಳಿದೆ. ಹೇಳಲಾಗದು ಅಂದರು. ಹೊರಗೆ ಬಂದ ಅಪ್ಪ ಎದುರಿನ ಹೋಟೆಲಿನ ಬೋರ್ಡನ್ನು ದೂರದಿಂದಲೇ ಓದಿ ತೋರಿಸಿದ, "ನೋಡು, ದೋಸೆ ಐತಿ ಅಂತ ಬರದಾರ. ಹಗಲು ನಂಗೇನೂ ಆಗಿಲ್ಲ."

ಈಗ ಕಾರಿನ ವಿಷಯ.

ಅವ್ವನ ತವರು ಸೊರಬ. ಮದುವೆಗೆ ಮೊದಲು ಅಪ್ಪ ಸೊರಬದಲ್ಲೇ, ಅಕ್ಕಿ ಗಿರಣಿ ಸಾಹುಕಾರರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದ. ಸಾಹುಕಾರರ ಮಗ ಮುಂಬಯಿಯಿಂದ ಒಂದು ಕಾರು ತಂದಿದ್ದ. ಮೇಲೆ ಹೊದಿಕೆ ಇಲ್ಲ, ಬಾಗಿಲು ಮೊಣಕಾಲಿಗೆ ಬರುವಷ್ಟು, ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ. ಇಂಗ್ಲೆಂಡಿನಲ್ಲಿ ರೇಸಿಗೆ ಬಿಡುವ ಜಾತಿಯದಂತೆ. ಊರಿನವರು ಮಿಡತೆ ಎಂದು ಹೆಸರಿಟ್ಟರು. ಸೀಟು ಎರಡೇ. ಓಡಿಸುವವನು ಒಬ್ಬ, ಪಕ್ಕದಲ್ಲಿ ಒಬ್ಬ. ಅದನ್ನು ತೊಳೆಯುವುದು, ಎಂಜಿನ್ ಹೊತ್ತಿಸಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವುದು, ಬಿಸಿಯಾದಾಗ ನೀರು ಹೊಯ್ಯುವುದು ಅಪ್ಪನ ಕೆಲಸ. ಓಡಿಸಲು ಅವನಿಗೆ ಸಿಕ್ಕಿದ್ದು ಶೆಡ್ಡಿನಿಂದ ಬಾವಿಕಟ್ಟೆಯವರೆಗೆ, ಅದೂ ಖಾಲಿ ಗಾಡಿ.

ಅವ್ವನನ್ನು ಮದುವೆಯಾಗಿ ಶಿಕಾರಿಪುರಕ್ಕೆ ಕರೆತರುವ ದಿನ ಆ ಕಾರು ಕೊಡುವುದಾಗಿ ಸಾಹುಕಾರರ ಮಗ ಮಾತು ಕೊಟ್ಟಿದ್ದನಂತೆ. ಅಪ್ಪ ಅದನ್ನು ನನ್ನ ಸೋದರಮಾವನ ಹತ್ತಿರ ಹೇಳಿದ್ದ. ಮಾವ ಊರಿಗೆಲ್ಲ ಹೇಳಿದ್ದ. ಆ ದಿನ ಬೆಳಿಗ್ಗೆ ಸಾಹುಕಾರರ ಮಗ ಕಾರು ತೆಗೆದುಕೊಂಡು ಸಾಗರಕ್ಕೆ ಇಸ್ಪೀಟಾಡಲು ಹೋಗಿಬಿಟ್ಟ. ಅವ್ವ ಅಕ್ಕಿ ಮೂಟೆಗಳಿದ್ದ ಎತ್ತಿನ ಗಾಡಿಯ ಹಿಂಭಾಗದಲ್ಲಿ ಕೂತು ಬಂದಳು. ಅಪ್ಪ ಮುಂದೆ ನಡೆದುಕೊಂಡು ಬಂದ.

ಆ ಮಗ ಆಮೇಲೆ ಮುಂಬಯಿ ಸೇರಿ ಹಿಂದಿರುಗಲಿಲ್ಲ. ಕಾರು ಗಿರಣಿಯ ಹಿಂದೆ ಭತ್ತದ ಹೊಟ್ಟು ತುಂಬುವ ಶೆಡ್ಡಿನಲ್ಲಿ ಹೂತುಕೊಂಡು ಕೂತಿತ್ತು. ಆ ಬೇಸಿಗೆ ಶೆಡ್ಡು ಕೆಡವುವಾಗ ಸಾಹುಕಾರರ ಮನೆಯವರು, ಬೇಕಾದವರು ಎಳೆದುಕೊಂಡು ಹೋಗಿ ಅಂದರು. ಮಾವ ಎರಡು ಎತ್ತು ಕಟ್ಟಿ ತನ್ನ ಹಿತ್ತಲಿಗೆ ಎಳೆದು ತಂದು, ಬಸ್ಸಿನ ಕಂಡಕ್ಟರ ಕೈಲಿ ಹೇಳಿ ಕಳಿಸಿದ: "ನಮ್ ಭಾವಂಗೆ ಹೇಳಿ ಮಾರಾಯ್ರೇ, ಅವನ ಹಳೇ ಹೆಂಡ್ತಿ ನಮ್ಮನೆಗೆ ಬಂದು ಕೂತಿದಾಳೆ, ಬಂದು ಕರ್ಕಂಡು ಹೋಗು ಅಂತ."

ಕಂಡಕ್ಟರು ಅದನ್ನು ಅವ್ವನ ಎದುರಿಗೇ ಒಪ್ಪಿಸಿದ. ಅಪ್ಪ ನಗಲಿಲ್ಲ. ಎದ್ದು ಒಳಗೆ ಹೋಗಿ ತನ್ನ ಹಳೆಯ ಸ್ಪ್ಯಾನರುಗಳ ಗಂಟು ತೆಗೆದ. ಆಮೇಲೆ ಅವ್ವನ ಕಡೆ ತಿರುಗಿ, "ನಿನ್ನ ತವರಿಂದ ನಿನ್ನ ಇದ್ರಾಗೆ ಕರ್ಕಂಡು ಬರ್ತೀನಿ. ಪಕ್ಕದಾಗೆ ಕೂರಿಸ್ಕಂಡು. ಕಣ್ಣು ಇರೋದ್ರೊಳಗೆ" ಅಂದ. ಅವ್ವ ಒಲೆಗೆ ಕಟ್ಟಿಗೆ ದೂಡುತ್ತಿದ್ದಳು. "ಕಣ್ಣಿಗೆ ಏನಾಗೈತೆ ಈಗ" ಅಂದಳು.

ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕಿತ್ತು, ಹೊದಿಕೆ ಇಲ್ಲದ ಗಾಡಿ. ಮೂವರೂ ಸೊರಬಕ್ಕೆ ಹೋದೆವು.

ಹೊಟ್ಟು ಒಂದು ಉಪಕಾರ ಮಾಡಿತ್ತು, ಕಬ್ಬಿಣಕ್ಕೆ ತುಕ್ಕು ಹೆಚ್ಚು ಹಿಡಿಯಲು ಬಿಟ್ಟಿರಲಿಲ್ಲ. ಆದರೆ ಹೊಟ್ಟು ಎಲ್ಲಿ ಇರಬಾರದೋ ಅಲ್ಲೆಲ್ಲ ಇತ್ತು. ಪೆಟ್ರೋಲ್ ಟ್ಯಾಂಕಿನಲ್ಲಿ, ಗೇರಿನ ಪೆಟ್ಟಿಗೆಯ ಮೇಲೆ, ಸೀಟಿನ ಹೊಟ್ಟೆಯಲ್ಲಿ. ದಿನವೂ ಬೆಳಿಗ್ಗೆ ಮಾವನ ಕೋಳಿಗಳು ನಮಗಿಂತ ಮೊದಲೇ ಕೆಲಸಕ್ಕೆ ಹಾಜರಾಗುತ್ತಿದ್ದವು.

ಕೈಯಲ್ಲಿ ಹಣ ಇರಲಿಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಚಕ್ರದ ಕಡ್ಡಿಗಳನ್ನು ಸೊರಬದ ಸೈಕಲ್ ಶಾಪಿನವನು ಬಿಗಿದುಕೊಟ್ಟ. ಬಹಳ ದೊಡ್ಡ ಸೈಕಲ್ಲು ಅಷ್ಟೇ ಎಂದು ಅವನ ತೀರ್ಮಾನ. ಟೈರುಗಳು ಶಿವಮೊಗ್ಗದ ಗುಜರಿಯಿಂದ ಬಂದವು. ನಾಲ್ಕೂ ಅಣ್ಣತಮ್ಮಂದಿರಲ್ಲ, ದಾಯಾದಿಗಳು. ಎಂಜಿನ್ನಿನ ಎರಡು ಭಾಗಗಳ ನಡುವೆ ಹಾಕುವ ಪ್ಯಾಕಿಂಗಿಗೆ ದಪ್ಪ ರಟ್ಟು ಬೇಕಾಯಿತು. ಮಾವ ಗೋಡೆಯ ಮೇಲಿನ ಲಕ್ಷ್ಮಿ ಕ್ಯಾಲೆಂಡರಿನ ರಟ್ಟು ಕೊಡಲು ಒಪ್ಪಲಿಲ್ಲ. "ಕಾಗದದ ಮೇಲೆ ಬಣ್ಣ ಬಿದ್ದ ಮಾತ್ರಕ್ಕೆ ರಟ್ಟು ದೇವರಾಗುತ್ತದೆಯೇ?" ಎಂದು ನಾನು ಶುರು ಮಾಡಿದೆ.

"ನಿನ್ನ ಸರ್ಟಿಫಿಕೇಟಿಗೆ ಎಂತದು ಹಾಕಿದಾರೆ ಹಿಂದೆ?" ಅಂದ ಮಾವ.

"ರಟ್ಟು."

"ಅದು ದೇವ್ರಲ್ಲ ಅಲ್ದಾ?"

ಮಾರನೆಯ ಬಸ್ಸಿಗೆ ಶಿಕಾರಿಪುರಕ್ಕೆ ಹೋಗಿ, ಯಂತ್ರದ ವಿರೋಧ ಮಾತಾಡಿ ಗೆದ್ದ ಪ್ರಶಸ್ತಿಯನ್ನು ಕಳಚಿ ಅದರ ಬೆನ್ನಿನ ರಟ್ಟು ತಂದೆ. ಅಪ್ಪ ಕತ್ತರಿಯಲ್ಲಿ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಕೂರಿಸಿದ. ಅದು ಕೊನೆಯವರೆಗೂ ಸೋರಲಿಲ್ಲ. ಆ ಪ್ರಶಸ್ತಿಯಿಂದ ಆದ ಉಪಯೋಗ ಅದೊಂದೇ.

ಸೋರಿದ್ದು ರೇಡಿಯೇಟರು. ಬೆಸುಗೆ ಹಾಕಿಸಲು ಶಿವಮೊಗ್ಗಕ್ಕೆ ಒಯ್ಯಬೇಕಿತ್ತು. ಅಪ್ಪ ಮಾವನ ಹೆಂಡತಿಯನ್ನು ಕೇಳಿ ಒಂದು ಹಿಡಿ ಅರಿಶಿನ ಪುಡಿ ಇಸಿದುಕೊಂಡು ನೀರಿನ ಜೊತೆ ಒಳಗೆ ಸುರಿದ. ಬಸ್ಸಿನವರೆಲ್ಲ ಹಾಗೆ ಮಾಡುತ್ತಾರೆ, ಪುಡಿ ಹೋಗಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ತೂತು ಮುಚ್ಚುವ ಪುಡಿ ಸಣ್ಣ ಕೊಳವೆಯನ್ನೂ ಮುಚ್ಚುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ಅಪ್ಪ, "ಮುಚ್ತತಿ. ಅದಕ್ಕೇ ದಾರೀಲಿ ನೀರು ಇಟ್ಕಂಡು ನಿಂತಿರಬೇಕು ನೀನು" ಅಂದ. ಮಾವ ಕೈ ಮುಗಿದ: "ಅಂತೂ ಅರಿಶಿನ ಶಾಸ್ತ್ರ ಆತು. ಇನ್ನು ದಿಬ್ಬಣ ಯಾವತ್ತು ಭಾವ?"

ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನವೂ ಹೊಸ್ತಿಲು ದಾಟಿ ಕಾರಿನ ಹತ್ತಿರ ಬರಲಿಲ್ಲ.

ಕೊನೆಗೆ ಎರಡು ಕೆಲಸ ಉಳಿದವು, ಒಂದಕ್ಕೆ ಆಗುವಷ್ಟು ದುಡ್ಡು. ಸೈಲೆನ್ಸರು ತುಂಬ ತೂತುಬಿದ್ದಿತ್ತು, ಹೊಸ ಕೊಳವೆ ಮಾಡಿಸಬೇಕು. ಎಡಗಡೆಯ ಸೀಟಿನ ಸ್ಪ್ರಿಂಗು ಹೊರಗೆ ಬಂದಿತ್ತು, ತೆಂಗಿನ ನಾರು ತುಂಬಿ ಮೇಲೆ ರೆಕ್ಸಿನ್ ಹೊಲಿಸಬೇಕು. ನಾನು ಸೈಲೆನ್ಸರ್ ಪಕ್ಷ. ಗಾಡಿ ಅಂದಮೇಲೆ ಎಂಜಿನ್ನಿಗೆ ಸಂಬಂಧಪಟ್ಟದ್ದು ಮೊದಲು, ಕೂರುವುದು ಆಮೇಲೆ, ಚಾಪೆ ಹಾಸಿಕೊಂಡೂ ಕೂರಬಹುದು ಎಂದು ಮೂರು ಅಂಶ ಎತ್ತಿದೆ. ಅಪ್ಪ ಎಲ್ಲ ಕೇಳಿದ.

"ಬಲಗಡೆ ಸೀಟಿಗೆ ಗೋಣಿಚೀಲ ಹಾಕಾಣ. ಎಡಗಡೆ ಸೀಟು ಹೊಲಿಸಾಣ" ಅಂದ.

"ಮತ್ತೆ ಶಬ್ದ?"

"ಶಬ್ದ ಆದ್ರೆ ಆಗ್ಲಿ. ಮುಳ್ಳಿನ ಮ್ಯಾಲೆ ಕೂರ್ಸಾಕಾಗ್ತತೇನೋ?"

ಕಂದು ಬಣ್ಣದ ರೆಕ್ಸಿನ್ ಬಂತು. ಸೈಲೆನ್ಸರಿಗೆ ಸೀಮೆಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದು ಮೇಲೆ ಹುತ್ತದ ಮಣ್ಣು ಮೆತ್ತಿದೆವು. ಮೊದಲ ಸಲ ಎಂಜಿನ್ ಹೊತ್ತಿಕೊಂಡಾಗ ಮಣ್ಣು ಉದುರಿ, ತಗಡು ಹಾರಿ, ಒಳಗೆ ಉಳಿದಿದ್ದ ಹೊಟ್ಟೆಲ್ಲ ಮಾವನ ಮುಖಕ್ಕೆ ಬಂತು. ಬೀದಿಯ ಜನ ಬಾಗಿಲಿಗೆ ಓಡಿ ಬಂದರು. ತಗಡನ್ನು ಮತ್ತೆ ಕಟ್ಟಿದೆವು, ಆದರೆ ಗುಡುಗು ತಗ್ಗಲಿಲ್ಲ. ಅಪ್ಪ ಹೊಟ್ಟಿನ ನಡುವೆ ನಿಂತು ಹುಡುಗನ ಹಾಗೆ ನಗುತ್ತಿದ್ದ. ಅವನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

ಆ ಮಧ್ಯಾಹ್ನ ಊಟದ ಹೊತ್ತಿಗೆ ಅವ್ವ ಹೇಳಿದಳು, "ನಾನು ಅದ್ರಾಗೆ ಕೂರಲ್ಲ."

ಎಲ್ಲರ ಕೈ ನಿಂತಿತು.

"ಯಾಕೆ?" ಅಂದ ಅಪ್ಪ.

"ಗಂಡನ ಪಕ್ಕ, ಸರಿಸಮ, ಊರೆದುರಿಗೆ ಮೆರವಣಿಗೆ ಹೋಗಾಕೆ ನಾನೇನು ನಾಟಕದೋಳಾ? ಹಸೆಮಣೆ ಮ್ಯಾಲೆ ಒಂದ್ಸಲ ಕೂತಿದ್ದೀನಿ, ಅಷ್ಟೇ ಸಾಕು. ಹಿಂದೆ ಒಂದು ಮಣೆ ಹಾಕಿಸ್ರಿ, ಅಲ್ಲಿ ಕೂರ್ತೀನಿ."

"ಹಿಂದೆ ಜಾಗ ಎಲ್ಲೈತೆ ಮಾರಾಯ್ತಿ, ಅಲ್ಲಿ ಸ್ಟೆಪ್ನಿ ಚಕ್ರ ಐತೆ" ಅಂದ ಮಾವ.

"ಚಕ್ರಾನ ಪಕ್ಕ ಕೂರಿಸ್ಕಳ್ಲಿ. ಅದಕ್ಕೆ ನಾಚಿಕೆ ಇಲ್ಲ."

ಇಲ್ಲಿ ನಾನು ಎದ್ದು ನಿಂತೆ ಎಂದೇ ಹೇಳಬೇಕು. ಎತ್ತಿನ ಗಾಡಿಯಲ್ಲಿ ಹೆಂಗಸರು ಹಿಂದೆ ಕೂರುವುದು ಯಾಕೆ, ಹೊಡೆಯುವವನಿಗೆ ಮುಂದೆ ಜಾಗ ಬೇಕೆಂದು. ಬಸ್ಸಿನಲ್ಲಿ ಹೆಂಗಸರು ಮುಂದೆ ಕೂರುತ್ತಾರೆ, ಗಂಡಂದಿರು ಹಿಂದೆ, ಆಗ ಮಾನ ಎಲ್ಲಿಗೆ ಹೋಯಿತು? ಹಿಂದೆ, ಮುಂದೆ, ಪಕ್ಕ ಎಂಬುದೆಲ್ಲ ಗಾಡಿಯ ಆಕಾರದ ಮಾತೇ ಹೊರತು ಮರ್ಯಾದೆಯ ಮಾತಲ್ಲ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ವಾದಿಸಿಲ್ಲ. ಅವ್ವ ಅಡ್ಡಬಾಯಿ ಹಾಕದೆ ಪೂರ್ತಿ ಕೇಳಿ, "ನೀ ಹೇಳೋದು ಸರಿ ಐತಿ. ಆದ್ರೂ ನಂಗೆ ನಾಚಿಕೆ ಆಗ್ತತಿ" ಅಂದಳು. ಸರಿ ಎಂದು ಒಪ್ಪಿಕೊಂಡ ಮೇಲೂ ಸೋಲದ ಎದುರಾಳಿಯ ಮುಂದೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಅಪ್ಪ ತಟ್ಟೆಯನ್ನೇ ನೋಡುತ್ತ ಕೂತಿದ್ದ. ಅವನ ಮುಖ ನೋಡಿ ಅವ್ವನಿಗೂ ತಡೆಯಲಾಗಲಿಲ್ಲ. ಮೆತ್ತಗಾಗಿ, "ಬೇಕಾದ್ರೆ ಕತ್ತಲಾದ ಮ್ಯಾಲೆ ಬರ್ತೀನಿ. ಯಾರೂ ನೋಡಲ್ಲ" ಅಂದಳು.

ಅಂದುಬಿಟ್ಟ ಮೇಲೆ ಅವಳಿಗೆ ಹೊಳೆಯಿತು. ಅವಳು ಬರಲು ಒಪ್ಪುವ ಹೊತ್ತಿನಲ್ಲಿ ಅಪ್ಪನಿಗೆ ದಾರಿ ಕಾಣುವುದಿಲ್ಲ. ಅಪ್ಪನಿಗೆ ದಾರಿ ಕಾಣುವ ಹೊತ್ತಿನಲ್ಲಿ ಅವಳು ಊರಿಗೆ ಕಾಣುತ್ತಾಳೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸಂಜೆ ಅವಳೇ ಹೊರಗೆ ಬಂದು, ಮೊದಲ ಬಾರಿಗೆ ಹಿತ್ತಲ ಹೊಸ್ತಿಲು ದಾಟಿ, ಕಂದು ಸೀಟನ್ನು ಬೆರಳಲ್ಲಿ ಒತ್ತಿ ನೋಡಿದಳು. ನಾರು ಹೊಸದು, ಮೆತ್ತಗಿತ್ತು. "ಊರು ದಾಟಿದ ಮ್ಯಾಲೆ ಹತ್ತಿದ್ರೆ?" ಅಂದಳು.

ಹೀಗೆ ಒಪ್ಪಂದವಾಯಿತು. ಸೊರಬ ಬಿಟ್ಟು ಶಿರಾಳಕೊಪ್ಪದ ದಾರಿಯಲ್ಲಿ ಕೊನೆಯ ಮನೆ ದಾಟಿದರೆ ಒಂದು ಕೆರೆ. ಏರಿಯ ತುದಿಯಲ್ಲಿ ರಸ್ತೆಯ ಎಡಕ್ಕೆ ದೊಡ್ಡ ಹಿಪ್ಪೆ ಮರ. ಅವ್ವ ಬುಟ್ಟಿ ಹಿಡಿದು ಗದ್ದೆಗೆ ಹೊರಟವಳಂತೆ ಮೊದಲೇ ನಡೆದು ಹೋಗಿ ಮರದ ಕೆಳಗೆ ನಿಂತಿರಬೇಕು. ಅಪ್ಪ ಆಮೇಲೆ ಬಂದು ಹತ್ತಿಸಿಕೊಳ್ಳಬೇಕು. ಶಿರಾಳಕೊಪ್ಪದ ಮೊದಲ ಮನೆ ಬರುವ ಮೊದಲು ಅವಳು ಇಳಿಯಬೇಕು. ಅಲ್ಲಿ ನಾನು ನೀರಿನ ಕೊಡ ಇಟ್ಟುಕೊಂಡು ಕಾದಿರಬೇಕು. ಅಲ್ಲಿಂದ ಅವಳು ಬಸ್ಸಿಗೆ, ನಾನು ಕಾರಿಗೆ. ನಾನೂ ಮರದ ಹತ್ತಿರವೇ ಇರುತ್ತೇನೆ ಅಂದದ್ದಕ್ಕೆ ಅವ್ವ ಸಿಟ್ಟಾದಳು. "ಬೆಳೆದ ಮಗನ ಎದುರಿಗೆ ಹತ್ತಲಾ? ನೀ ಮುಂದೆ ಹೋಗು."

ಹೊರಡುವ ಹಿಂದಿನ ದಿನ ನಾನು ಅಪ್ಪನನ್ನು ನೇರವಾಗಿಯೇ ಕೇಳಿದೆ: "ಡಾಕ್ಟರು ಬದಿ ಹೋಗುತ್ತದೆ ಅಂದಿದ್ರು. ಬದಿ ಕಾಣ್ತದಾ?"

"ಬಸ್ ಸ್ಟ್ಯಾಂಡಿನಾಗೆ ಕೂತಲ್ಲಿಂದಾನೇ ಯಾರು ಟಿಕೀಟಿಲ್ದೆ ಹತ್ತಿದ್ರು ಅಂತ ಹೇಳ್ತೀನಿ. ನಿನ್ನ ಭಾಷಣ ನಿಮ್ಮ ಕಾಲೇಜಿನಾಗೆ ಇಟ್ಕಾ" ಅಂದ. ಅಲ್ಲಿ ಬಿದ್ದಿದ್ದ ಸಣ್ಣ ನಟ್ಟನ್ನು ಬಗ್ಗಿ ಎತ್ತಿ ಕೈಗೆ ಕೊಟ್ಟ. ನೇರ ಎದುರಿಗೆ ಬಿದ್ದದ್ದನ್ನು.

ಮೊದಲ ಬಸ್ಸಿಗೆ ನಾನು ಹೊರಟೆ. ಶಿರಾಳಕೊಪ್ಪಕ್ಕೆ ಸ್ವಲ್ಪ ಮುಂಚೆ ಇಳಿದು, ಹತ್ತಿರದ ಬಾವಿಯಿಂದ ಕೊಡ ತುಂಬಿಸಿಕೊಂಡು ರಸ್ತೆಬದಿ ನಿಂತೆ. ಬಿಸಿಲು ಏರಿತು. ಕಣ್ಣಿಗೆ ಕಾಣುವ ಎಷ್ಟೋ ಹೊತ್ತಿನ ಮೊದಲೇ ಮಿಡತೆಯ ಗುಡುಗು ಕೇಳಿತು. ಹೊಲದ ಎತ್ತುಗಳು ಕಿವಿ ನಿಮಿರಿಸಿದವು. ಧೂಳಿನ ಮುಂದೆ ಉದ್ದ ಮೂತಿ ಕಾಣಿಸಿತು, ಅದರ ಹಿಂದೆ ಅಪ್ಪನ ಬಿಳಿ ರುಮಾಲು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಪ್ಪ ನಿಲ್ಲಿಸಿದ. ಎಡಗಡೆ ಸೀಟಿನ ಮೇಲೆ ಅವನು ಹಾಸಿದ್ದ ಒಗೆದ ಪಂಚೆ ಮಡಿಕೆ ಕೆಡದೆ ಹಾಗೇ ಇತ್ತು.

"ಬರಲಿಲ್ಲ" ಅಂದ.

"ಮರದ ಹತ್ರ ನಿಲ್ಲಿಸಿದ್ಯಾ?"

"ನಿಧಾನ ಮಾಡ್ದೆ. ನಿಲ್ಲಿಸಿದ್ರೆ ಕುದ್ದು ಕೂತುಬಿಡ್ತಿತ್ತು, ಹ್ಯಾಂಡಲ್ ತಿರುಗ್ಸಾಕೆ ಯಾರೂ ಇಲ್ಲ. ಅವಳು ಕಂಡಮ್ಯಾಲೆ ನಿಲ್ಸಾಣ ಅಂತಿದ್ದೆ. ಏರಿ ದಾಟಾವರೆಗೂ ಮೆಲ್ಲಕೇ ಬಂದೆ. ಯಾರೂ ಇರಲಿಲ್ಲ." ಗಾಡಿಯಿಂದ ಇಳಿಯುತ್ತ, "ಅವಳಿಗೆ ಮೊದಲಿಂದಲೂ ಮನಸ್ಸಿರಲಿಲ್ಲ ಬಿಡು. ನಾನೇ ಜುಲುಮೆ ಮಾಡ್ದೆ" ಅಂದ.

ರೇಡಿಯೇಟರಿನ ಮುಚ್ಚಳ ತೆಗೆದಾಗ ಹಳದಿ ನೀರು ಬುಸುಗುಟ್ಟಿತು. ಆರಲು ಬಿಟ್ಟು ಕೊಡದಿಂದ ನೀರು ಹೊಯ್ಯುತ್ತಿದ್ದಾಗ ಸೊರಬದ ಎರಡನೆಯ ಬಸ್ಸು ಬಂತು. ಡ್ರೈವರು ಅಪ್ಪನ ಹಳೆಯ ಜೊತೆಗಾರ. ಪಕ್ಕಕ್ಕೇ ತಂದು ನಿಲ್ಲಿಸಿ ಕೂಗಿದ: "ಏನಣ್ಣಾ, ಮಿಡತೆಗೆ ಬಾಯಾರಿಕೆ ಆತೇನು?"

"ನಿನ್ನ ಡಬ್ಬಕ್ಕಿಂತ ಕಮ್ಮೀನೇ ಕುಡೀತತಿ, ಹೋಗಲೇ" ಅಂದ ಅಪ್ಪ. ಇಬ್ಬರೂ ನಕ್ಕರು.

ಡ್ರೈವರಿನ ಹಿಂದಿನ ಹೆಂಗಸರ ಸೀಟಿನಲ್ಲಿ, ಕಿಟಕಿಯ ಪಕ್ಕ, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಅವ್ವ ಕೂತಿದ್ದಳು. ಅಪ್ಪ ಕೈ ಚಾಚಿದ್ದರೆ ಅವಳಿಗೆ ತಾಕುತ್ತಿತ್ತು. ಅವನು ಡ್ರೈವರಿನ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದ. ಅವಳು ಅವನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಅವ್ವ ನನ್ನ ಕಡೆ ತಿರುಗಿ, ಬೇಡ ಎಂದು ತಲೆ ಅಲ್ಲಾಡಿಸಿದಳು. ಬಸ್ಸು ಹೊರಟಿತು. ಅಪ್ಪ ಅದರ ಹಿಂಭಾಗಕ್ಕೆ ಕೈ ಬೀಸಿ ಮುಚ್ಚಳ ಬಿಗಿದ.

ನಾನು ಅವ್ವನ ಸೀಟಿನಲ್ಲಿ ಕೂತೆ, ಪಂಚೆಯನ್ನು ಪಕ್ಕಕ್ಕೆ ಸರಿಸಿ. ಶಿರಾಳಕೊಪ್ಪದಿಂದ ಶಿಕಾರಿಪುರದವರೆಗೆ ನಾನು ನೋಡಿದ್ದು ರಸ್ತೆಯನ್ನಲ್ಲ, ಅಪ್ಪನನ್ನು. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನೇರ ರಸ್ತೆಯಲ್ಲಿ ಅವನ ಕೈ ಮೊದಲಿನಷ್ಟೇ ಗಟ್ಟಿ. ಉಡುತಡಿಯ ತಿರುವಿನ ಹತ್ತಿರ ಎಡಬದಿಯಿಂದ ಒಂದು ಎಮ್ಮೆ ರಸ್ತೆಗೆ ಹತ್ತುತ್ತಿತ್ತು. ಅವನ ಕೈ ಅಲುಗಲಿಲ್ಲ.

"ಎಡಕ್ಕೆ ಎಮ್ಮೆ!" ಎಂದು ಕೂಗಿದೆ.

ಬ್ರೇಕು ಒತ್ತಿದ. "ಕಾಣ್ತತಿ" ಅಂದ.

ಅಲ್ಲಿಂದ ನಾನು ಎಡಕ್ಕಿದ್ದದ್ದನ್ನೆಲ್ಲ ಹೇಳುತ್ತ ಹೋದೆ. ಗಾಡಿ. ಮುದುಕಿ. ಸೈಕಲ್ಲು. ಪ್ರತಿ ಸಲವೂ ಅವನು "ಕಾಣ್ತತಿ" ಅಂದ.

ಮನೆಯಲ್ಲಿ ಅವ್ವ ಆಗಲೇ ಒಲೆ ಹೊತ್ತಿಸಿದ್ದಳು. ಅಪ್ಪ ಕಾಲು ತೊಳೆದು ಒಳಗೆ ಬಂದು ಕೇಳಿದ: "ಬಸ್ಸಿಗೆ ಬಂದ್ಯಾ?"

"ಹೂಂ."

"ಮರದ ಹತ್ರ ಬರ್ತೀನಿ ಅಂದಿದ್ಯಲ್ಲ."

ಅವ್ವ ಪಾತ್ರೆಯ ಮುಚ್ಚಳ ಸರಿಸಿದಳು. "ಮನಸ್ಸಾಗಲಿಲ್ಲ. ಆ ಗಾಡಿ ನಂಗೆ ಸರಿ ಬರಲ್ಲ ಕಣ್ರಿ. ಇನ್ನು ಅದನ್ನ ತೆಗೀಬ್ಯಾಡ್ರಿ. ತೆಗೆದ್ರೂ ನಾನು ಕೂರಲ್ಲ."

ಅಪ್ಪ ಗೋಡೆಗೆ ಒರಗಿ ಕೂತ. "ಆಗ್ಲಿ" ಅಂದ.

ಊಟವಾಗಿ ಅಪ್ಪ ಬಸ್ ಸ್ಟ್ಯಾಂಡಿಗೆ ಹೋದ ಮೇಲೆ ಅವ್ವ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ನಿಂತೆ. ಅವಳಾಗಿಯೇ ಹೇಳಿದಳು.

"ನಿಂತಿದ್ದೆ. ಯಾರಾದ್ರೂ ನೋಡ್ಯಾರು ಅಂತ ನೆರಳಲ್ಲಿ, ಕಾಂಡದ ಹತ್ರ. ಗಾಡಿ ಬಂತು. ನಿಧಾನ ಆತು. ನಗ್ತಿದ್ರು ಕಣೋ. ಒಬ್ಬರೇ, ನಗ್ತಾ ಬರ್ತಿದ್ರು. ನಾನು ರಸ್ತೆ ಅಂಚಿಗೆ ಬಂದೆ. ಮುಂದೇನೇ ನೋಡ್ತಾ ಹಂಗೇ ದಾಟಿ ಹೋದ್ರು."

"ಕರೀಲಿಲ್ವಾ?"

"'ರೀ' ಅಂದೆ. ಎರಡ್ಮೂರು ಸಲ ಅಂದೆ. ಆ ಶಬ್ದದಾಗೆ ನಂಗೇ ಕೇಳಿಸ್ಲಿಲ್ಲ. ಓಡಿದೆ ಕೂಡ. ಹಿಂದೆ ಯಾರದೋ ಗಾಡಿ ಬಂತು, ಜನ ಇದ್ರು. ನಿಂತೆ."

"ಹೆಸರು ಹಿಡಿದು ಜೋರಾಗಿ ಕೂಗಿದ್ದರೆ..."

ತಿಕ್ಕುತ್ತಿದ್ದ ಕೈ ನಿಲ್ಲಿಸಿ ಅವಳು ನನ್ನನ್ನು ನೋಡಿದಳು. ಗಂಡನ ಹೆಸರು ಅವಳ ಬಾಯಲ್ಲಿ ನಾನು ಹುಟ್ಟಿದಂದಿನಿಂದ ಬಂದಿಲ್ಲ. ಮತದಾರರ ಪಟ್ಟಿಗೆ ಬರೆದುಕೊಳ್ಳಲು ಬಂದವರಿಗೂ ನನ್ನ ಕೈಲೇ ಹೇಳಿಸಿದವಳು. "ಯಾವತ್ತೂ ಬರದೇ ಇರೋ ಹೆಸರು ಆ ಹೊತ್ತಲ್ಲಿ ಬರ್ತಿತ್ತೇನೋ?" ಅಂದಳು.

ಅದು ವಾದವಲ್ಲ ಎಂದು ನನಗೆ ಗೊತ್ತು. ಆದರೂ ನಾನು ತಿಕ್ಕಿಟ್ಟ ಪಾತ್ರೆಗಳಿಗೆ ನೀರು ಹೊಯ್ದೆ, ಅಷ್ಟೇ.

"ನಾನು ನಿಂತಿದ್ದು ಅವರಿಗೆ ಹೇಳ್ಬ್ಯಾಡ."

"ಅಪ್ಪ ನೀನು ಬರಲೇ ಇಲ್ಲ ಅಂದುಕೊಂಡಿದ್ದಾನೆ. ನಿನ್ನ ಮೇಲೆ ಬೇಜಾರು."

"ಬರಲಿಲ್ಲ ಅಂದ್ರೆ ನನ್ನ ಮ್ಯಾಲೆ ಬೇಜಾರು. ಎರಡು ದಿನ ಇರ್ತತಿ. ನಿಂತಿದ್ದೆ, ನಿಮಗೆ ಕಾಣಲಿಲ್ಲ ಅಂದ್ರೆ?"

ಅವಳು ಪಾತ್ರೆಗಳನ್ನು ಬೋರಲು ಹಾಕಿ ಒಳಗೆ ಹೋದಳು. ನಿರ್ಣಯ ಮಂಡಿಸಿ, ವಿರೋಧಕ್ಕೆ ಅವಕಾಶ ಕೊಡದೆ, ಸಭೆ ಮುಗಿಸಿದ ಹಾಗೆ.

ಅಪ್ಪ ಆ ಕಾರನ್ನು ಮತ್ತೆ ತೆಗೆಯಲಿಲ್ಲ. ಮಳೆ ಹಿಡಿದಾಗ ಮೇಲೆ ತಾಡಪಾಲು ಹೊದಿಸಿದ. ಅವ್ವ ಹೇಳಿದ್ದರಿಂದ ಬಿಟ್ಟನೋ, ಎಮ್ಮೆಯ ನಂತರ ತನಗೇ ಗೊತ್ತಾಗಿ ಬಿಟ್ಟನೋ, ಬಸ್ಸಿನಿಂದ ಇಳಿದಂತೆ ಇದರಿಂದಲೂ ತಾನಾಗಿ ಇಳಿದನೋ, ನಾನು ಕೇಳಿಲ್ಲ. ಕೇಳಿದರೆ, ಅವ್ವನಿಗೆ ಮನಸ್ಸಿರಲಿಲ್ಲ ಎಂದು ಅವನಿಗೆ ಉಳಿದಿರುವ ಒಂದು ಕಾರಣವನ್ನೂ ಕಿತ್ತುಕೊಂಡಂತೆ ಆಗುತ್ತದೆ. ಎರಡು ವರ್ಷದ ಮೇಲೆ ಗದ್ದೆಗೆ ನೀರೆತ್ತಲು ಬೇಕೆಂದು ಯಾರೋ ಬಂದು ಎಂಜಿನ್ ಒಯ್ದರು, ರಟ್ಟಿನ ಸಮೇತ. ಉಳಿದದ್ದು ಗುಜರಿಗೆ ಹೋಯಿತು. ಎಡಗಡೆಯ ಸೀಟನ್ನು ಮಾತ್ರ ಅಪ್ಪ ಕಳಚಿಸಿ ಜಗಲಿಯಲ್ಲಿ ಇಟ್ಟುಕೊಂಡ. ಬಂದವರು ಅದರ ಮೇಲೆ ಕೂರುತ್ತಾರೆ. ಅವ್ವ ಕೂರುವುದಿಲ್ಲ. ಹೊಸ್ತಿಲ ಹತ್ತಿರ, ಮೊದಲಿನ ಹಾಗೆ, ನೆಲದ ಮೇಲೆ.

ಡಾಕ್ಟರು ಹೇಳಿದ ಕ್ರಮದಲ್ಲೇ ಎಲ್ಲ ಹೋಯಿತು. ನಡುವಿನ ನೋಟ ಹೋದದ್ದು ಕಳೆದ ಚಳಿಗಾಲ. ಟಿಕೀಟಿನ ಕೆಲಸ ಬಿಟ್ಟಿದ್ದಾನೆ, ಆದರೆ ಬಸ್ ಸ್ಟ್ಯಾಂಡಿಗೆ ಹೋಗದೆ ಇರಲಾರ. ಎಂಜಿನ್ ಶಬ್ದ ಕೇಳಿ ಯಾವ ಬಸ್ಸು ಬಂತೆಂದು ಹೇಳುತ್ತ ಕೂರುತ್ತಾನೆ. ದಿನಾ ಬೆಳಿಗ್ಗೆ ಅವ್ವ ಅವನ ಕೈ ಹಿಡಿದು ಪೇಟೆಬೀದಿಯ ನಡುವೆ ಕರೆದುಕೊಂಡು ಹೋಗುತ್ತಾಳೆ. ಹಿಂದೆ ಅಲ್ಲ, ಮುಂದೆ ಅಲ್ಲ. ಪಕ್ಕದಲ್ಲಿ, ಇಡೀ ಊರಿನ ಎದುರಿಗೆ. ಯಾರೂ ಏನೂ ಅನ್ನುವುದಿಲ್ಲ, ದಾರಿ ಬಿಡುತ್ತಾರೆ.

ಮೊನ್ನೆ ರಜೆಯಲ್ಲಿ ಊರಿಗೆ ಹೋದಾಗ ನಾನೂ ಅವರ ಹಿಂದೆ ನಡೆಯುತ್ತಿದ್ದೆ. ಅಪ್ಪ ಇದ್ದಕ್ಕಿದ್ದಂತೆ ಅವ್ವನನ್ನು ಕೇಳಿದ, "ಅವತ್ತು ನೀನು ಮರದ ಹತ್ರ ಬಂದಿದ್ರೆ ಏನಾಗ್ತಿತ್ತೇ?"

ನನ್ನ ನಾಲಿಗೆಯ ತುದಿಯಲ್ಲಿ ಎಲ್ಲ ಇತ್ತು. ನೆರಳು, ಬುಟ್ಟಿ, ಬಸ್ಸಿನ ಕಿಟಕಿ. ಇನ್ನು ಹೇಳಿದರೆ ಏನು ನಷ್ಟ, ಕಣ್ಣು ಹೋದದ್ದು ಈಗ ಅವನಿಗೂ ಗೊತ್ತಲ್ಲ ಎಂಬ ತರ್ಕವೂ ಇತ್ತು. ಅವ್ವ ತಿರುಗಿ ನೋಡಲಿಲ್ಲ. ಅವನ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಳು.

"ಏನೂ ಆಗ್ತಿರ್ಲಿಲ್ಲ" ಅಂದಳು. "ಕಾಲು ಎತ್ತಿಡ್ರಿ. ಇಲ್ಲಿ ಮೆಟ್ಲು ಐತೆ."